ಅನ್ನಕ್ಕಿಂತ ಮೊದಲು ಸಾರು

ಊರಿಗೆಲ್ಲ ಇಂಟರ್ನೆಟ್ ಕೊಡುತ್ತಿದ್ದವನು ಗುರುಮಲ್ಲಪ್ಪ ಒಬ್ಬನೇ. ಮದುವೆ ಊಟಕ್ಕೆ ಕೂತವನು ಎಲೆಗೆ ನೀರು ಚಿಮುಕಿಸುತ್ತಲೇ ಗುಡುಗಿದ. “ನಾಳೆಯಿಂದ ನನಗೆ ದುಡ್ಡು ಕಟ್ಟಿದ ಕಂಪನಿಯ ವಿಡಿಯೋ, ಆ್ಯಪು ಓಡುತ್ತೆ. ಉಳಿದದ್ದು ತೆವಳುತ್ತೆ. ಬೇಡ ಅಂತ ಅರ್ಜಿಗೆ ಸಹಿ ಹಾಕಿದ್ದೀರಲ್ಲ, ಅಂಥವರ ಲೈನೇ ಕಟ್!”

ಪಂಕ್ತಿಗೆ ಪಂಕ್ತಿಯೇ ಸಹಿ ಹಾಕಿತ್ತು. ಎಲ್ಲರೂ ತಲೆ ತಗ್ಗಿಸಿ ಎಲೆ ಒರೆಸತೊಡಗಿದರು.

ಬಡಿಸುವ ನಂಜಯ್ಯನೂ ಸಹಿ ಹಾಕಿದವನೇ. ಅನ್ನ ಬಡಿಸುವವನಿಗೆ ಕಣ್ಣು ಮಿಟುಕಿಸಿದ. ತಾನು ಸಾರಿನ ಬಕೆಟ್ ಎತ್ತಿಕೊಂಡು ಓಡೋಡಿ ಬಂದು, ಗುರುಮಲ್ಲಪ್ಪನ ಬರಿ ಎಲೆಗೆ ಎರಡು ಸೌಟು ಸುರಿದ.

ಸಾರು ಸೀದಾ ರೇಷ್ಮೆ ಪಂಚೆಯ ಕಡೆಗೆ ಹೊರಟಿತು. ಗುರುಮಲ್ಲಪ್ಪ ಎರಡೂ ಅಂಗೈ ಇಟ್ಟು ಒಡ್ಡು ಕಟ್ಟಿದ.

“ಅಯ್ಯಯ್ಯೋ, ಅನ್ನ ಎಲ್ಲೋ?”

“ಸಾರು ದುಡ್ಡು ಕಟ್ಟಿದೆ ಯಜಮಾನ್ರೇ, ಓಡಿ ಬಂತು. ಅನ್ನ ಕಟ್ಟಿಲ್ಲ, ತೆವಳ್ತಾ ಇದೆ.”

ಛತ್ರದ ಆ ತುದಿಯಲ್ಲಿ ಅನ್ನದವನು ಬುಟ್ಟಿ ಹಿಡಿದು ಕಂಬ ಸುತ್ತುತ್ತಿದ್ದ. ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು.

“ಕೈ ಸುಡ್ತಿದೆ ಕಣೋ! ಎಲ್ಲಾ ಒಂದೇ ಸಮ ಬರ್ಲಿ!”

ನಂಜಯ್ಯ ಬಕೆಟ್ ಕೆಳಗಿಟ್ಟ.

“ಇನ್ನೊಂದ್ಸಲ ಜೋರಾಗಿ ಹೇಳಿ ಯಜಮಾನ್ರೇ. ಕೊನೇ ಎಲೆಯವರಿಗೆ ಕೇಳಿಸ್ಲಿಲ್ಲ.”