ಮೆಣಸಿನ ಬೀಜ ತಡವಾಗಿ ಏಳುವುದೇಕೆ

ಲೋಕ ಆಗಿನ್ನೂ ಹೊಸದು. ಗುಡ್ಡಗಳ ಮೈ ಪೂರ್ತಿ ಒಣಗಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೆ ಸರಿಯಾಗಿ ಗೊತ್ತಿರಲಿಲ್ಲ, ದಿನಕ್ಕೊಂದು ದಾರಿ ಹಿಡಿಯುತ್ತಿದ್ದವು. ಗಿಡ, ಗಾಳಿ, ಮನುಷ್ಯ, ಆಡು ಎಲ್ಲರೂ ಒಂದೇ ಭಾಷೆ ಆಡುತ್ತಿದ್ದರು. ಅದರಿಂದ ಅನುಕೂಲವೂ ಇತ್ತು, ಕಿರಿಕಿರಿಯೂ ಇತ್ತು. ಯಾರು ಬೇಕಾದರೂ ಯಾರ ಹತ್ತಿರ ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದಿತ್ತು.

ಆ ಕಾಲದಲ್ಲಿ ಬೀಜಗಳಿಗೆ ನಿದ್ದೆ ಎಂಬುದೇ ಇರಲಿಲ್ಲ. ಇವತ್ತು ಮಣ್ಣಿಗೆ ಬಿದ್ದರೆ ನಾಳೆ ಮೊಳಕೆ, ನಾಡಿದ್ದು ಹೂವು, ಅದರ ಮಾರನೆಯ ದಿನ ಹಣ್ಣು. ಹಣ್ಣು ಕಂಡ ಕೂಡಲೇ ಕೇಳುವವರು ಬಂದು ನಿಲ್ಲುತ್ತಿದ್ದರು. ಕೇಳಿಸಿಕೊಂಡು ಸಾಕಾಗಿ ಒಂದೊಂದು ಮರವೂ ತನಗೆ ತೋಚಿದ ಉಪಾಯ ಮಾಡಿತು. ವರ್ಷಕ್ಕೆ ಒಮ್ಮೆ ಮಾತ್ರ ಕೊಡುತ್ತೇನೆ ಎಂದು ಮಾವು ಕಡ್ಡಿ ಮುರಿದಂತೆ ಹೇಳಿತು. ಹಲಸು ಮೈತುಂಬ ಮುಳ್ಳು ಬರಿಸಿಕೊಂಡಿತು. ಹುಣಸೆ ಹುಳಿಯಾಯಿತು. ಬೇಕಿದ್ದವರು ಹತ್ತಿ ಬರಲಿ ಎಂದು ತೆಂಗು ಮೇಲೆ ಹೋಗಿ ನಿಂತಿತು.

ಉಳಿದದ್ದು ಮೆಣಸಿನ ಗಿಡ.

ಅದು ಗಿಡ್ಡ. ಎಲ್ಲರ ಕೈಗೂ ಬಾಯಿಗೂ ಸಿಗುವಷ್ಟೇ ಎತ್ತರ. ಅದರ ಹಣ್ಣು ಆಗ ಸಿಹಿಯಾಗಿತ್ತು, ಬೆಲ್ಲದಷ್ಟು ಸಿಹಿ. ನಗಬೇಡ ಮಗೂ, ನನಗೆ ನಗುವವರಿಗೆ ಕತೆ ಹೇಳುವಷ್ಟು ಶಕ್ತಿ ಈಗ ಇಲ್ಲ. ಸಿಹಿ ಎಂದರೆ ಸಿಹಿ ಎಂದು ನಂಬು.

ಬೆಳಗ್ಗೆ ಆಡು ಬಂದು ಕೇಳಿತು, ಗಿಡ ಕೊಟ್ಟಿತು. ಬಿಸಿಲೇರಿದ ಮೇಲೆ ಮಂಗ ಬಂದು ಕೇಳಿತು, ಕೊಟ್ಟಿತು. ಇಲಿ ಬಂದು ಹಣ್ಣಿನ ಜೊತೆಗೆ ಬೀಜವನ್ನೂ ಕುಟುಕುಟು ಕಡಿದು ತಿಂದಿತು, ಅದಕ್ಕೂ ಸುಮ್ಮನಿತ್ತು. ಇಲ್ಲ ಅನ್ನಲು ಅದಕ್ಕೆ ಬರುತ್ತಿರಲಿಲ್ಲ. ಬರಿದಾದ ಕೊಂಬೆಯಲ್ಲಿ ಮತ್ತೆ ಹೂ ಬಿಟ್ಟು, ಮತ್ತೆ ಕಾಯಿ ಕಟ್ಟಿ, ಮತ್ತೆ ಹಣ್ಣು ಮಾಡಿ ನಿಲ್ಲುತ್ತಿತ್ತು. ಬೀಜವನ್ನೂ ಬಿಡದೆ ತಿನ್ನುತ್ತಿದ್ದರಿಂದ ಸುತ್ತಲಿನ ಮೆಣಸಿನ ಗಿಡಗಳೆಲ್ಲ ಮರಿ ಇಲ್ಲದೆ ಒಂದೊಂದಾಗಿ ಒಣಗಿದವು. ಕಡೆಗೆ ಇಡೀ ಲೋಕಕ್ಕೆ ಒಂದೇ ಒಂದು ಉಳಿಯಿತು. ಅದು ಇದ್ದದ್ದು ಕುಂಬಾರರ ದ್ಯಾಮವ್ವನ ಹಿತ್ತಲಿನಲ್ಲಿ.

ದ್ಯಾಮವ್ವ ಒಂಟಿ ಹೆಂಗಸು. ಅವಳ ತಿಗರಿಯ ಚಕ್ರ ಬೆಳಗಿನಿಂದ ಸಂಜೆಯ ತನಕ ತಿರುಗುತ್ತಿತ್ತು. ಊರಿಗೆಲ್ಲ ಮಡಕೆ ಮಾಡುವವಳು ಅವಳೊಬ್ಬಳೇ. ನೀರಿಗೆ ಒಂದು ಕೊಡು, ಅಂಬಲಿಗೆ ಒಂದು ಕೊಡು, ಸುಮ್ಮನೆ ಇರಲಿ ಇನ್ನೊಂದು ಕೊಡು ಎಂದು ಬರುತ್ತಿದ್ದರು. ಇಲ್ಲ ಅನ್ನಲು ಅವಳಿಗೂ ಬರುತ್ತಿರಲಿಲ್ಲ. ಅಳಬೇಕು ಅನ್ನಿಸಿದರೂ ಅಳುವಷ್ಟು ಪುರುಸೊತ್ತು ಇರಲಿಲ್ಲ. ಸಂಜೆ ಮಣ್ಣಿನ ಕೈ ತೊಳೆದು ಮೆಣಸಿನ ಗಿಡದ ಹತ್ತಿರ ಹೋಗಿ ಕೂರುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ದಣಿದವರ ಹತ್ತಿರ ದಣಿದವರು ಕೂತರೆ ಮಾತು ಬೇಕಾಗುವುದಿಲ್ಲ.

ಒಂದು ದಿನ ಗಿಡವೇ ಬಾಯಿ ಬಿಟ್ಟಿತು. ಅದರ ಎಲೆಗಳೆಲ್ಲ ಜೋತುಬಿದ್ದಿದ್ದವು. ತುದಿಯಲ್ಲಿ ಒಂದೇ ಹಣ್ಣು ಇತ್ತು.

"ಅಕ್ಕಾ, ನನಗ ಸಾಕಾಗೇತಿ. ಇನ್ನ ಏಳಾಕ ಆಗೂದಿಲ್ಲ. ಇದೊಂದ ಹಣ್ಣು ಉಳದೈತಿ, ಇದನ್ನ ಯಾರಿಗೂ ಕೊಡಬ್ಯಾಡ, ನೀ ಇಟ್ಕೊ."

ದ್ಯಾಮವ್ವ ಹಣ್ಣನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡಳು. ಒಳಗಿನ ಬೀಜಗಳನ್ನು ಏನು ಮಾಡಲಿ ಎಂದು ಕೇಳಿದಳು.

"ಏನೂ ಮಾಡಬ್ಯಾಡ. ಸ್ವಲ್ಪ ಮಲಗಾಕ ಬಿಡು. ನಾ ಹುಟ್ಟಿದಾಗಿಂದ ಒಂದ ದಿನಾನೂ ಮಲಗಿಲ್ಲ, ನನ್ನ ಮಕ್ಕಳಾದರೂ ಮಲಗಲಿ."

ಮಲಗಿಸುತ್ತೇನೆ ಎಂದು ದ್ಯಾಮವ್ವ ಮಾತು ಕೊಟ್ಟಳು. ಅವಳು ಕೊಟ್ಟ ಮಾತು ಕೇಳಿಸಿಕೊಂಡು ಗಿಡ ಅಲ್ಲೇ ಒಣಗಿತು.

ಹಣ್ಣು ಸೀಳಿ ನೋಡಿದರೆ ಹತ್ತೇ ಬೀಜ. ಮಲಗಿಸಲು ಹಿತ್ತಲಿನ ನೆಲಕ್ಕೆ ಹಾಕಿದರೆ ಆಡು, ಇಲಿ ಬಿಡುವುದಿಲ್ಲ. ಮಡಕೆಯಲ್ಲಿ ಹಾಕೋಣ ಎಂದರೆ ಒಳ್ಳೆಯ ಮಡಕೆಗಳನ್ನೆಲ್ಲ ಊರಿನವರು ಕೇಳಿಕೊಂಡು ಹೋಗಿದ್ದರು. ಮೂಲೆಯಲ್ಲಿ ತಳ ಸೀಳಿದ ಒಂದು ಮಡಕೆ ಮಾತ್ರ ಇತ್ತು. ನೀರು ನಿಲ್ಲದ ಮಡಕೆಯನ್ನು ಯಾರು ಕೇಳುತ್ತಾರೆ? ದ್ಯಾಮವ್ವ ಅದನ್ನೇ ಎತ್ತಿಕೊಂಡಳು. ಜರಡಿ ಹಿಡಿದ ಮಣ್ಣು, ಒಂದು ಹಿಡಿ ಬೂದಿ, ಒಣಗಿದ ಆಡಿನ ಹಿಕ್ಕೆಯ ಪುಡಿ ಕಲಸಿ ತುಂಬಿದಳು. ಹತ್ತು ಬೀಜವನ್ನೂ ಉಗುರಿನಷ್ಟು ಆಳಕ್ಕೆ ಇಟ್ಟು, ಮೇಲೆ ಮಣ್ಣು ಉದುರಿಸಿ, ಬೆರಳಿನಿಂದ ನೀರು ಚಿಮುಕಿಸಿದಳು.

ಮಾರನೆಯ ಬೆಳಗ್ಗೆ ಎದ್ದು ನೋಡಿದಳು. ಬರೀ ಮಣ್ಣು.

ಆ ಕಾಲದಲ್ಲಿ ಇವತ್ತಿನ ಬೀಜ ನಾಳೆ ಮೊಳೆಯಬೇಕಲ್ಲವೇ? ಕೊಟ್ಟ ಮಾತು ಮರೆತೇಹೋಯಿತು. ಬೀಜ ಸತ್ತಿತೇನೋ, ಮೆಣಸಿನ ಕುಲವೇ ನನ್ನ ಕೈಯಲ್ಲಿ ಮುಗಿಯಿತೇನೋ ಎಂಬ ಹೆದರಿಕೆ ಒಂದೇ ಉಳಿಯಿತು. ಬೆರಳು ಹಾಕಿ ಒಂದು ಬೀಜವನ್ನು ಕೆದಕಿ ತೆಗೆದಳು.

"ಆಗಲೇ ಏಳೂ ಹೊತ್ತಾತೇನವ್ವಾ?" ಎಂದು ಬೀಜ ನಿದ್ದೆಗಣ್ಣಿನಲ್ಲಿ ಕೇಳಿತು.

ಸದ್ಯ, ಬದುಕಿದೆ ಎಂದು ಅವಳು ಅದನ್ನು ಮಡಕೆಯ ಅಂಚಿನ ಮೇಲಿಟ್ಟು ಗುಳಿ ಸರಿ ಮಾಡುವಷ್ಟರಲ್ಲಿ ಇರುವೆ ಅದನ್ನು ಹೊತ್ತುಕೊಂಡು ಹೋಯಿತು. ಮಾರನೆಯ ದಿನವೂ ಬರೀ ಮಣ್ಣು, ಮತ್ತೆ ಕೆದಕಿದಳು. ಆ ಬೀಜವೂ ಅದನ್ನೇ ಕೇಳಿತು, ಗಾಳಿಗೆ ಒಣಗಿ ಸುರುಟಿತು. ಮೂರನೆಯ ದಿನ, ನಾಲ್ಕನೆಯ ದಿನ, ಐದನೆಯ ದಿನ ಅದೇ ಕತೆ. ಆರನೆಯ ದಿನ ತೆಗೆದ ಬೀಜದಲ್ಲಿ ಬಿಳಿ ಮೊಳಕೆಯ ತುದಿ ಇಣುಕುತ್ತಿತ್ತು. ದ್ಯಾಮವ್ವನಿಗೆ ಜೀವ ಬಂದಂತಾಯಿತು. ಆದರೆ ಅವಳ ಉಗುರು ತಾಕಿ ತುದಿ ಮುರಿದುಹೋಗಿತ್ತು. ಏಳನೆಯ ದಿನವೂ ಹಾಗೆಯೇ ಆಯಿತು. ಪ್ರೀತಿಯಿಂದಲೇ ಕೊಲ್ಲುತ್ತಿದ್ದಳು, ಪಾಪ. ನಾವೂ ಎಷ್ಟೋ ಸಲ ಹಾಗೆ ಮಾಡುತ್ತೇವೆ.

ಮಡಕೆಯಲ್ಲಿ ಮೂರೇ ಬೀಜ ಉಳಿದವು.

ಎಂಟನೆಯ ದಿನ ಬೆಳಗ್ಗೆ ಅವಳು ಹಿತ್ತಲಿನಲ್ಲಿ ಮಡಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮತ್ತೆ ಮಣ್ಣಿಗೆ ಬೆರಳು ಹಾಕಿದ್ದಳು. ಪಕ್ಕದಲ್ಲೇ ಆವಿಗೆ ಇತ್ತು. ಆವಿಗೆ ಎಂದರೆ ಹಸಿ ಮಡಕೆಗಳನ್ನು ಒಟ್ಟಿ, ಸೌದೆ ಹುಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ ಸುಡುವ ಗೂಡು. ಹಿಂದಿನ ದಿನವಷ್ಟೇ ಬೆಂಕಿ ಹಾಕಿದ್ದಳು. ಉರಿ ಆರಿತ್ತು, ಒಳಗೆ ಕಾವು ಇತ್ತು. ಅಷ್ಟರಲ್ಲಿ ಊರಿನ ಕಲ್ಲಪ್ಪ ಬಂದ. ಅವನಿಗೆ ಯಾವಾಗಲೂ ಅವಸರ. ಮನೆಯಲ್ಲಿ ಮಡಕೆ ಒಡೆದಿದೆ, ಆವಿಗೆಯ ಬಾಯಿ ಸ್ವಲ್ಪ ಸರಿಸಿ ಒಂದೇ ಒಂದು ಮಡಕೆ ಎಳೆದು ಕೊಡು, ಬೆಂದಿದೆಯೋ ಇಲ್ಲವೋ ನಾನೇ ನೋಡಿಕೊಳ್ಳುತ್ತೇನೆ ಎಂದು ಗಂಟುಬಿದ್ದ.

ದ್ಯಾಮವ್ವ ಮಣ್ಣಿನಿಂದ ಬೆರಳು ತೆಗೆಯದೆಯೇ ಹೇಳಿದಳು:

"ಆಗೂದಿಲ್ಲ ಅಣ್ಣಾ. ಆವಿಗಿ ತಾನಾಗೇ ತಣ್ಣಗ ಆಗೂತನಕ ಮುಟ್ಟಬಾರದು. ನೋಡೂನಂತ ತಗದ್ರ ಎಲ್ಲಾ ಒಡೀತಾವ."

ಹೇಳಿದವಳು ಮಣ್ಣಿನೊಳಗಿದ್ದ ತನ್ನ ಬೆರಳನ್ನು ನೋಡಿದಳು. ಹುಟ್ಟಿದಾಗಿನಿಂದ ಒಂದು ದಿನವೂ ಆವಿಗೆಯನ್ನು ಹೊತ್ತಿಗೆ ಮುಂಚೆ ತೆರೆದವಳಲ್ಲ ಅವಳು. ಒಳಗೆ ಏನಾಗುತ್ತಿದೆಯೋ ಎಂದು ಒದ್ದಾಡಿದರೂ ಕೈ ಕಟ್ಟಿಕೊಂಡು ಕೂರುವುದು ಅವಳ ಕೈಗೆ, ಮೈಗೆ ಬಂದ ವಿದ್ಯೆ. ಅಂಥವಳು ಏಳು ದಿನದಿಂದ ಈ ಮಡಕೆಯನ್ನು ಕೆದಕಿ ಕೆದಕಿ ನೋಡುತ್ತಿದ್ದಾಳೆ. ಮೆಣಸಿನ ಗಿಡ ಕೇಳಿದ್ದು ಒಂದೇ ಒಂದು, ಅದನ್ನೂ ಕೊಡಲಿಲ್ಲ. ಅವಳಿಗೆ ತನ್ನ ಮೇಲೆಯೇ ಬೇಸರವಾಯಿತು.

ನಿಧಾನವಾಗಿ ಬೆರಳು ತೆಗೆದು ಮಣ್ಣು ಸರಿ ಮಾಡಿದಳು. ಕಲ್ಲಪ್ಪ ಗೊಣಗುತ್ತ ಹೋದ. ದ್ಯಾಮವ್ವ ಒಬ್ಬರಿಗೆ ಇಲ್ಲ ಎಂದದ್ದು ಅದೇ ಮೊದಲು, ಅದು ಅವಳಿಗೆ ಗೊತ್ತೂ ಆಗಲಿಲ್ಲ.

ಬೆಳಗಿನ ಚಳಿಗಾಳಿ ಬೀಸುತ್ತಿತ್ತು. ಅವಳು ಮಡಕೆಯನ್ನು ಆವಿಗೆಯ ಮಗ್ಗುಲಿಗೆ, ಕೈ ಇಟ್ಟರೆ ಹಿತವಾಗಿ ಬಿಸಿ ತಾಕುವಷ್ಟು ದೂರದಲ್ಲಿ ಇಟ್ಟಳು. ಮಕ್ಕಳು ಮಲಗಿದ್ದಾವೆ, ಸ್ವಲ್ಪ ನೋಡಿಕೋ ಎಂದು ಆವಿಗೆಗೆ ಹೇಳಿದಳು.

ಆವಿಗೆಯ ಒಳಗಿನ ಕಾವು ಮುದುಕರಂತೆ ನಿಧಾನವಾಗಿ ಮಾತಾಡಿತು. ತನ್ನ ಕೆಲಸ ಮುಗಿದಿದೆ, ಇನ್ನು ಆರಿಹೋಗುವುದೊಂದೇ ಬಾಕಿ, ಉಳಿದದ್ದನ್ನು ಈ ಮಕ್ಕಳಿಗೇ ಕೊಟ್ಟು ಹೋಗುತ್ತೇನೆ ಎಂದಿತು. ಮೂರು ಬೀಜಗಳೂ ನಿದ್ದೆಯಲ್ಲಿಯೇ ಆ ಕಾವನ್ನು ಹೀರಿಕೊಂಡವು.

ದ್ಯಾಮವ್ವ ಒಂಬತ್ತನೆಯ ದಿನ ನೋಡಿದಳು, ಮುಟ್ಟಲಿಲ್ಲ. ಹತ್ತನೆಯ ದಿನ ನೋಡಿದಳು, ಮುಟ್ಟಲಿಲ್ಲ. ಹನ್ನೊಂದನೆಯ ದಿನ ಬೆರಳು ತುರಿಸಿತು, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಳು. ಅಷ್ಟು ಕಷ್ಟದ ಕೆಲಸವನ್ನು ಅವಳು ಯಾವತ್ತೂ ಮಾಡಿರಲಿಲ್ಲ.

ಹನ್ನೆರಡನೆಯ ದಿನ ಮಣ್ಣು ಬಿರುಕು ಬಿಟ್ಟಿತು. ಒಂದು ಬಿಳಿ ಕುತ್ತಿಗೆ ಬಗ್ಗಿಕೊಂಡೇ ಹೊರಗೆ ಬಂತು, ಆಮೇಲೆ ಇನ್ನೆರಡು. ಎದ್ದು ನಿಲ್ಲಲು ಮನಸ್ಸಿಲ್ಲದ ಕೂಸುಗಳು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುವ ಹಾಗೆ, ಮೂರೂ ಬೀಜದ ಸಿಪ್ಪೆಯನ್ನು ತಲೆಗೆ ಹೊದ್ದುಕೊಂಡಿದ್ದವು. ಈಗ ಏಳುವ ಹೊತ್ತಾಯಿತೇ ಎಂದು ಅವು ಕೇಳಿದವು.

"ನಿಮಗ ಸಾಕಾಗೂವಷ್ಟು ಮಲಗ್ರಿ. ಯಾರೂ ಎಬ್ಬಸೂದಿಲ್ಲ," ಎಂದಳು ದ್ಯಾಮವ್ವ.

ಗಿಡಗಳು ಆತುರವಿಲ್ಲದೆ ಬೆಳೆದವು. ತಮಗೆ ಬೇಕಾದಷ್ಟು ತಿಂಗಳು ತೆಗೆದುಕೊಂಡು ಹೂ ಬಿಟ್ಟು, ಹಣ್ಣಾದವು. ಕೆಂಪು ಕಂಡು ಆಡು ಓಡಿಬಂತು. ಕೇಳಲೂ ಇಲ್ಲ, ಬಾಯಿ ಹಾಕಿಯೇಬಿಟ್ಟಿತು. ಆವಿಗೆಯ ಕಾವೆಲ್ಲ ಖಾರವಾಗಿ ಆ ಹಣ್ಣಿನಲ್ಲಿತ್ತು. ಆಡು ಬಾಯಿ ತೆರೆದುಕೊಂಡು ಹೊಳೆಯ ಕಡೆ ಓಡಿತು. ಮಂಗ ಓಡಿತು, ಇಲಿ ಓಡಿತು. ಜುಟ್ಟಿನ ಪಿಕಳಾರ ಹಕ್ಕಿ ಮಾತ್ರ ಬೀಜ ಅಗಿಯದೆ, ಅವುಗಳ ನಿದ್ದೆ ಕೆಡಿಸದೆ ಹಣ್ಣನ್ನು ನುಂಗಿತು. ಅದಕ್ಕೆ ಖಾರವೇ ತಾಕಲಿಲ್ಲ. ದೂರ ದೂರ ಹೋಗಿ ಬೀಜಗಳನ್ನು ಹಾಗೆಯೇ ಉದುರಿಸಿ ಬಂತು.

ದ್ಯಾಮವ್ವ ಒಂದು ಹಣ್ಣಿನ ತುದಿ ಕಚ್ಚಿದಳು. ಕಣ್ಣಿನಲ್ಲಿ ಮೂಗಿನಲ್ಲಿ ನೀರು ಧಾರೆಯಾಗಿ ಇಳಿಯಿತು. ಎಷ್ಟು ವರ್ಷದ ನೀರೋ ಅದು, ಖಾರ ಇಳಿದ ಮೇಲೂ ನಿಲ್ಲಲಿಲ್ಲ. ಅವಳು ಒರೆಸಿಕೊಳ್ಳಲೂ ಇಲ್ಲ. ಅತ್ತು ಹಗುರಾಗಿ, ಹಾಡಹಗಲಿನಲ್ಲಿ ಆ ಮಡಕೆಯ ಪಕ್ಕದಲ್ಲಿ ಸೆರಗು ಹಾಸಿಕೊಂಡು ಮಲಗಿದಳು. ಮಡಕೆ ಕೇಳಲು ಬಂದವರು ಅವಳನ್ನು ನೋಡಿ ಸದ್ದಿಲ್ಲದೆ ವಾಪಸ್ಸು ಹೋದರು.

ಅದಕ್ಕೇ ಮಗೂ, ನೀನು ಕುಂಡಕ್ಕೆ ಹಾಕುವ ಬೇರೆ ಬೀಜಗಳು ಮೂರು ನಾಲ್ಕು ದಿನಕ್ಕೆ ಎದ್ದು ನಿಂತರೂ ಮೆಣಸಿನ ಬೀಜ ಇವತ್ತಿಗೂ ಬೆಚ್ಚಗಿನ ಮಣ್ಣಿನಲ್ಲಿ ಹತ್ತು ಹನ್ನೆರಡು ದಿನ ಮಲಗಿಯೇ ಇರುತ್ತದೆ. ತನ್ನ ಪಾಲಿನ ನಿದ್ದೆಯ ಜೊತೆಗೆ ಅದರ ತಾಯಿ ಮಲಗದೆ ಬಿಟ್ಟುಹೋದ ನಿದ್ದೆಯನ್ನೂ ಅದೇ ಮಲಗಿ ಮುಗಿಸಬೇಕಲ್ಲ.