ಬಾಯಿಗೆ ಬಾರದ ಫೈಲು

ನಗರಸಭೆ ಆಫೀಸಿನಲ್ಲಿ ಬೆಳಗಿನಿಂದ ಒಂದೇ ಜಗಳ. ಮೊಬೈಲಿನಲ್ಲಿ ಕೈಮುಗಿದು ಮುಗಿದು ಸುಸ್ತಾಗದ ಗೊಂಬೆ ಬರುತ್ತದಲ್ಲ, ಇಂಗ್ಲಿಷಿನಲ್ಲಿ GIF ಎಂದು ಬರೆಯುವ ಆ ಫೈಲಿಗೆ 'ಗಿಫ್' ಅನ್ನಬೇಕು ಎಂದರು ಮ್ಯಾನೇಜರ್ ಪದ್ಮನಾಭಯ್ಯ. 'ಜಿಫ್' ಅನ್ನದವನು ದಡ್ಡ ಎಂದರು ಇಂಜಿನಿಯರ್ ವಿರೂಪಾಕ್ಷಪ್ಪ. ಮಾತಿಗೆ ಮಾತು ಬೆಳೆದು ಇಬ್ಬರೂ ಕಂಪ್ಯೂಟರ್ ಆಪರೇಟರ್ ಮಂಗಳಾಳ ಮೇಜಿನ ಮುಂದೆ ಬಂದು ನಿಂತರು.

"ನೀನೇ ಹೇಳಮ್ಮ, ಯಾರು ಸರಿ?"

ಮಂಗಳಾಗೆ ಪೀಕಲಾಟಕ್ಕಿಟ್ಟುಕೊಂಡಿತು. ರಜೆ ಕೊಡುವವರು ಒಬ್ಬರು, ಬಡ್ತಿಗೆ ಬರೆಯುವವರು ಇನ್ನೊಬ್ಬರು. ಅವಳು ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದಳು.

"ಸಾರ್, ಮ್ಯಾನೇಜರ್ ಸಾಹೇಬ್ರು ಅಂದ ಅಕ್ಷರದಿಂದಲೇ ನಮ್ಮ ಯಜಮಾನರ ಹೆಸರು ಶುರುವಾಗೋದು. ಇಂಜಿನಿಯರ್ ಸಾಹೇಬ್ರು ಅಂದ ಅಕ್ಷರದಿಂದ ನಮ್ಮ ಮಾವನವರದ್ದು. ಗಂಡನ ಹೆಸರಿನ ಅಕ್ಷರ, ಮಾವನ ಹೆಸರಿನ ಅಕ್ಷರ ನಾನು ಹೇಗೆ ಬಾಯಲ್ಲಿ ಎತ್ತಲಿ?"

ಸಾಹೇಬರಿಬ್ಬರೂ ಮುಖ ಮುಖ ನೋಡಿಕೊಂಡರು. ಸಂಪ್ರದಾಯದ ಮಾತು, ಬಲವಂತ ಮಾಡುವಂತಿಲ್ಲ.

"ಮತ್ತೆ ನೀನು ಏನಂತೀಯ?"

"ಕುಣಿಯೋ ಗೊಂಬೆ ಅಂತೀನಿ ಸಾರ್."

ಇಬ್ಬರಿಗೂ ಅದು ಹಿಡಿಸಿತು. ಯಾರೂ ಗೆಲ್ಲದಿದ್ದರೂ ಸೋತಂತೆಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಆಫೀಸಿಗೆ ಅದು ಕುಣಿಯೋ ಗೊಂಬೆಯೇ ಆಗಿತ್ತು. "ಎಂಥಾ ಸಂಸ್ಕಾರವಂತೆ!" ಎಂದು ಇಬ್ಬರೂ ಒಟ್ಟಿಗೆ ಕಾಫಿ ಕುಡಿದರು.

ಸಂಜೆ ಗೇಟಿನ ಹತ್ತಿರ ಸಾಹೇಬರಿಬ್ಬರೂ ನಿಂತಿದ್ದರು. ರಸ್ತೆಯಾಚೆ ಸ್ಕೂಟರಿನ ಮೇಲೆ ಕೂತವನೊಬ್ಬ ಬಿಡದೆ ಹಾರ್ನ್ ಬಾರಿಸುತ್ತಿದ್ದ.

"ಲೋ ರವೀಶ, ಸಾಕು ನಿಲ್ಸೋ, ಬಂದೆ!" ಎಂದು ಮಂಗಳಾ ಕೂಗಿದಳು.

"ಯಾರಮ್ಮ ಅದು?" ಎಂದರು ಪದ್ಮನಾಭಯ್ಯ.

"ನಮ್ಮ ಯಜಮಾನರು ಸಾರ್" ಎಂದವಳೇ ಸ್ಕೂಟರ್ ಹತ್ತಿ ಹೊರಟೇಬಿಟ್ಟಳು.