ಬಳೆಬಂಡೆಗೆ ಆ ಹೆಸರು ಬಂದದ್ದು

ನೆರಳಿಗೆ ಸರಿದು ಕೂತುಕೊಳ್ಳಿ, ಕಾಲು ಚಾಚಿಕೊಳ್ಳಿ, ಹೇಳುತ್ತೇನೆ. ಅಗೋ, ಹಳೇಕೋಟೆಯಿಂದ ಬಡಗಲಿಗೆ ಎರಡು ಹರದಾರಿ ದೂರದಲ್ಲಿ ಬೋಳುಬೆಟ್ಟವೊಂದು ಕಾಣುತ್ತದಲ್ಲ, ಅದೇ ಬಳೆಬಂಡೆ. ಅದರ ನೆತ್ತಿಯಲ್ಲೊಂದು ಮುದಿ ಹುಣಸೆಮರ, ಮರದಡಿ ಚಪ್ಪಟೆ ಬಂಡೆ, ಬಂಡೆಯ ಮೇಲೆ ಉಳಿಯಲ್ಲಿ ಕೆತ್ತಿದ ಬಳೆಗಳು. ಯಾರೋ ಬಳೆಗಾರ ಅಲ್ಲಿ ಮಲಾರ ಬಿಚ್ಚಿದ್ದ ಎಂದು ಕೆಲವರು ಹೇಳುತ್ತಾರೆ. ಅದು ಸುಳ್ಳು.

ಹಿಂದೆ ಒಮ್ಮೆ ಬೊಮ್ಮಣ್ಣನಾಯಕ ಎಂಬ ದೊರೆ ಆಳುತ್ತಿದ್ದಾಗ, ಕಾವೇರಿ ಸೀಮೆಯಿಂದ ಬಂದ ನರಹರಿ ಜೋಯಿಸ ಕೋಟೆಯಲ್ಲಿ ಪಂಚಾಂಗ ಹೇಳಿಕೊಂಡಿದ್ದನಂತೆ. ಅವನ ಹೆಂಡತಿ ಅಚ್ಚಮ್ಮ. ಒಂದು ಯುಗಾದಿಯಂದು ಜೋಯಿಸ ತುಂಬಿದ ಸಭೆಯಲ್ಲಿ, “ಬರುವ ಮಾರ್ಗಶಿರದ ಅಮಾವಾಸ್ಯೆ ಮಧ್ಯಾಹ್ನ ಕಂಕಣ ಗ್ರಹಣ. ಸೂರ್ಯ ನಮ್ಮ ಕೋಟೆಯ ಮೇಲೇ ಬಳೆಯಾಗಿ ನಿಲ್ಲುತ್ತಾನೆ” ಎಂದುಬಿಟ್ಟ. “ನಿಲ್ಲದಿದ್ದರೆ ಪಂಚಾಂಗ ಕಟ್ಟಿಟ್ಟು ಸೀಮೆ ದಾಟಬೇಕು, ಒಪ್ಪಿಗೆಯೇ?” ಎಂದ ದೊರೆ. ಜೋಯಿಸ ಒಪ್ಪಿ ಬಂದ.

ಆ ಮನೆತನದಲ್ಲೊಂದು ಕಟ್ಟಳೆ. ಹಗಲೂ ಇರುಳೂ ಸಮನಾಗುವ ದಿನ, ನಡುಮಧ್ಯಾಹ್ನ, ಹನ್ನೆರಡು ಬೆರಳುದ್ದದ ಗೂಟದ ನೆರಳು ಎಷ್ಟು ಬೀಳುತ್ತದೋ ಅದನ್ನು ಹಿಡಿದೇ ಗ್ರಹಣ ಎಲ್ಲಿ ಹೇಗೆ ಕಾಣುತ್ತದೆಂದು ಹೇಳುವುದು. ತೆಂಕಲಿಂದ ಬಡಗಲಿಗೆ ಹೋದಂತೆ ಆ ನೆರಳು ಬೆಳೆಯುತ್ತದೆ. ಆದರೆ ಗುರು ಅಳೆದು ಕೊಟ್ಟದ್ದನ್ನು ಶಿಷ್ಯ ಮತ್ತೆ ಅಳೆದರೆ ಗುರುವನ್ನೇ ಅನುಮಾನಿಸಿದಂತೆ. ಹಾಗಾಗಿ ಜೋಯಿಸ ಅಂಗಳದ ಗೂಟಕ್ಕೆ ಪೂಜೆ ಮಾಡುತ್ತಿದ್ದ, ಅಳೆಯುತ್ತಿರಲಿಲ್ಲ. ಅದರ ಸುತ್ತ ಕಾಳು ಒಣಹಾಕುತ್ತಿದ್ದ ಅಚ್ಚಮ್ಮನಿಗೆ ಆ ನೆರಳಿನ ಓಡಾಟವೆಲ್ಲ ಗೊತ್ತಿತ್ತು. ಮತ್ತೆ ಹಗಲಿರುಳು ಸಮನಾದಾಗ, ನವರಾತ್ರಿಯ ಹೊತ್ತಿಗೆ, ಗಂಡ “ನೆರಳು ಎರಡೂವರೆ ಬೆರಳು” ಎಂದು ಗುಣುಗುತ್ತಿದ್ದುದು ಅವಳ ಕಿವಿಗೆ ಬಿತ್ತು. “ನಮ್ಮಂಗಳದ್ದು ಮೂರಲ್ಲವೇ?” ಎಂದಳು. “ನಿನ್ನ ಬೆರಳು ಸಣ್ಣದು ಕಣೇ.” “ನೆರಳಿನಷ್ಟು ನೂಲು ತೆಗೆದು ಗೂಟಕ್ಕೆ ಹಿಡಿದೆ, ನಾಲ್ಕೇ ಸಲಕ್ಕೆ ಸರಿಹೋಯಿತು. ನೂಲಿನ ಬೆರಳೂ ಸಣ್ಣದೇನು? ಕಾವೇರಿ ದಂಡೆಯ ನೆರಳನ್ನು ಗಂಟು ಕಟ್ಟಿಕೊಂಡು ಬಂದಿದ್ದೀರಿ, ಅಷ್ಟೆ!”

ಜೋಯಿಸ ಎರಡು ದಿನ ಹಲಗೆ ಹಿಡಿದು ಕೂತ. ಮೂರು ಬೆರಳಿಟ್ಟು ಮತ್ತೆ ಲೆಕ್ಕ ಮಾಡಿದರೆ ಕೋಟೆಯಲ್ಲಿ ಬಳೆಯ ಬಾಯಿ ಕೂಡಲೊಲ್ಲದು, ಬಡಗಲ ಬೆಟ್ಟದ ಮೇಲೆ ಕೂಡುತ್ತದೆ. ಮಾನ ಬಿಟ್ಟು ದೊರೆಗೆ ಹೇಳಿದ. “ಇನ್ನೊಂದು ಪಕ್ಷ ಕಳೆದರೆ ನೆರೆಸೀಮೆಗೇ ಸಾಗಿಸುತ್ತೀರೋ ಜೋಯಿಸರೇ?” ಎಂದ ದೊರೆ. ಸಭೆಯೆಲ್ಲ ನಕ್ಕಿತು. ಕೊನೆಗೆ, ದಳವಾಯಿ ಚನ್ನವೀರ ಬೆಟ್ಟ ಹತ್ತಲಿ, ಅಲ್ಲೂ ಬಳೆ ಕಾಣದಿದ್ದರೆ ಜೋಯಿಸ ಅಂದೇ ಹೊರಡಲಿ ಎಂದಾಯಿತು.

ಆ ದಿನ ದೊರೆ ಜೋಯಿಸನನ್ನು ಕೋಟೆಯ ಬೇವಿನಮರದಡಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಬೆಟ್ಟಕ್ಕೆ ದಳವಾಯಿಯ ಜೊತೆ ಅಚ್ಚಮ್ಮ ಹೋದಳು. ಬಿಸಿಲು ಮಂಕಾಯಿತು, ಹಕ್ಕಿಗಳು ಗೂಡಿಗೆ ತಿರುಗಿದವು. ಅಚ್ಚಮ್ಮ ಎಷ್ಟು ಬೇಡವೆಂದರೂ ಕೇಳದೆ ದಳವಾಯಿ ತಲೆಯೆತ್ತಿ ಸೂರ್ಯನನ್ನೇ ದಿಟ್ಟಿಸಿದ. “ಬರೀ ಬೆಂಕಿ ಕಾಣುತ್ತದೆ ತಾಯೀ, ಬಳೆಯೂ ಇಲ್ಲ ಗಿಳೆಯೂ ಇಲ್ಲ!” ಅಚ್ಚಮ್ಮ ತಲೆ ತಗ್ಗಿಸಿದಳು. ತಗ್ಗಿಸಿದರೆ, ಹುಣಸೆಯ ಎಲೆಸಂದಿಯಿಂದ ಬಂಡೆಯ ಮೇಲೆ ಬಿದ್ದ ಬಿಸಿಲ ಚುಕ್ಕೆಗಳೆಲ್ಲ ಬಳೆಗಳಾಗಿದ್ದವು! “ಕೆಳಗೆ ನೋಡಿ ದಳವಾಯಿಗಳೇ, ನಿಮ್ಮ ಸುಣ್ಣದ ಡಬ್ಬಿ ಕೊಡಿ” ಎಂದವಳೇ, ಬೆರಳಿಗೆ ಸುಣ್ಣ ಹಚ್ಚಿಕೊಂಡು ಒಂದೊಂದರ ಮೇಲೂ ಗೆರೆ ಎಳೆದಳು. ದಳವಾಯಿಯೂ ಮಂಡಿಯೂರಿ ಎಳೆದ.

ಮಾರನೆಯ ದಿನ ದೊರೆಯೇ ಬೆಟ್ಟ ಹತ್ತಿ ನೋಡಿ, “ನಮ್ಮ ಬೇವಿನಮರದಡಿ ಬಿದ್ದವೆಲ್ಲ ಬಾಯಿ ಕೂಡದ ಬಳೆಗಳು” ಎಂದು ಒಪ್ಪಿಕೊಂಡು, ಸುಣ್ಣದ ಗೆರೆಯ ಮೇಲೇ ಕೆತ್ತಿಸಿದನೆನ್ನುತ್ತಾರೆ. ಆಮೇಲೆ ಅವನು ಜೋಯಿಸನನ್ನು ಸಭೆಯಲ್ಲಿ ಮತ್ತೆಂದೂ ಹಂಗಿಸಲಿಲ್ಲ. ದಳವಾಯಿಯ ಎಡಗಣ್ಣು ಮಂಜಾಗಿಯೇ ಉಳಿಯಿತು. ಜೋಯಿಸ ಅಲ್ಲೇ ಬಾಳಿ, ಹೋದೂರಲ್ಲಿ ಮೊದಲು ಗೂಟ ನೆಡಿರೆಂದು ಶಿಷ್ಯರಿಗೆ ಕಲಿಸಿ ತೀರಿಕೊಂಡ. ಅಚ್ಚಮ್ಮ ಬೆನ್ನು ಬಾಗುವವರೆಗೂ ವರ್ಷಕ್ಕೆರಡು ಸಲ ನೂಲು ಹಿಡಿದು ನೆರಳು ಅಳೆದಳು. ಈಗಲೂ ಹೋಗಿ ಎಣಿಸಿ, ಹತ್ತೊಂಬತ್ತು ಬಳೆಗಳಿವೆ. ಕೊನೆಯದರ ಬಾಯಿ ಕೂಡಿಲ್ಲ. ಅವಳು ಗೆರೆ ಮುಗಿಸುವಷ್ಟರಲ್ಲಿ ಸೂರ್ಯನ ಬಳೆಯೇ ಬಾಯಿ ಬಿಟ್ಟಿತ್ತು.